ಚರಂಡಿಯ ಇಳಿಜಾರು

ಜಿಲ್ಲಾ ಪುಟದ ಮೂಲೆಯಲ್ಲಿ ಇಂಥದೊಂದು ಸುದ್ದಿಯನ್ನು ನೀವು ಎಷ್ಟೋ ಸಲ ಓದಿರುತ್ತೀರಿ: 'ಇಂತಿಷ್ಟು ಲಕ್ಷ ರೂ. ವೆಚ್ಚದ ಸಿ.ಸಿ. ರಸ್ತೆ ಮತ್ತು ಚರಂಡಿ ಕಾಮಗಾರಿಗೆ ಭೂಮಿಪೂಜೆ.' ಜೊತೆಗೆ ಗುದ್ದಲಿ ಹಿಡಿದವರ ಚಿತ್ರ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಹೀಗೆ ಊರಿನ ಹೆಸರು ಬದಲಾಗುತ್ತದೆ, ಸುದ್ದಿ ಬದಲಾಗುವುದಿಲ್ಲ. ಎಷ್ಟು ಲಕ್ಷ ಎಂಬುದಿರುತ್ತದೆ, ಎಷ್ಟು ಮೀಟರ್ ಎಂಬುದಿರುತ್ತದೆ, ಯಾರು ಯಾರು ಉಪಸ್ಥಿತರಿದ್ದರು ಎಂಬುದಂತೂ ಇದ್ದೇ ಇರುತ್ತದೆ. ಆ ಚರಂಡಿಗೆ ಎಷ್ಟು ಇಳಿಜಾರು ಕೊಡುತ್ತಾರೆ ಎಂಬುದನ್ನು ಮಾತ್ರ ಯಾವ ಸುದ್ದಿಯಲ್ಲೂ ನಾನು ಕಂಡಿಲ್ಲ. ವಿಜ್ಞಾನ ಕಲಿಸುವವನಿಗೆ ಇದು ಸೋಜಿಗ. ಇಳಿಜಾರಿಲ್ಲದಿದ್ದರೆ ಅದು ಚರಂಡಿ ಹೇಗಾದೀತು? ಉದ್ದನೆಯ ತೊಟ್ಟಿ ಆದೀತು.

ನೀರು ತಗ್ಗಿನ ಕಡೆಗೆ ಹರಿಯುತ್ತದೆ ಎಂಬುದನ್ನು ಐದನೆಯ ಇಯತ್ತೆಯ ಹುಡುಗನೂ ಬಲ್ಲ. ಆದರೆ ಚರಂಡಿಯ ನೀರು ಬರೀ ಹರಿದರೆ ಸಾಲದು. ತನ್ನ ಜೊತೆ ಬಂದ ಮಣ್ಣು, ಮುಸುರೆಯ ಅಗುಳು, ಹೊಲಸನ್ನೆಲ್ಲ ಹೊತ್ತುಕೊಂಡು ಹೋಗಬೇಕು. ಅದಕ್ಕೆ ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಎರಡು ಅಡಿ ವೇಗ ಬೇಕೆಂಬುದು ಎಂಜಿನಿಯರರ ಲೆಕ್ಕ. ಅಷ್ಟು ವೇಗವಿದ್ದರೆ ಚರಂಡಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ವೇಗ ಕಡಿಮೆಯಾದರೆ ಮಣ್ಣು ತಳಕ್ಕೆ ಕೂರುತ್ತದೆ, ಕೂತ ಮಣ್ಣು ನೀರನ್ನು ಇನ್ನಷ್ಟು ತಡೆಯುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಓಣಿಯ ಚರಂಡಿಗೆ 200ಕ್ಕೆ 1ರಂತೆ ಇಳಿಜಾರು ಕೊಟ್ಟಿದ್ದಾರೆ ಎಂದುಕೊಳ್ಳಿ. 200 ಅಡಿ ಉದ್ದದ ಓಣಿಯಲ್ಲಿ ಈ ತುದಿಗಿಂತ ಆ ತುದಿ ಒಂದು ಅಡಿ ತಗ್ಗಾಗಿರುತ್ತದೆ. ಹತ್ತು ಅಡಿಗೆ ಅರ್ಧ ಇಂಚಿಗಿಂತ ತುಸು ಹೆಚ್ಚು, ಅಷ್ಟೇ. ಇದು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಈಗ ನಡುವೆ ಎಲ್ಲೋ ಒಂದು ಕಡೆ ತಳ ಎರಡೇ ಇಂಚು ಉಬ್ಬಿತು ಎನ್ನಿ. ಆ ಉಬ್ಬಿನ ಹಿಂದೆ ಮೂವತ್ತು ಅಡಿಗಿಂತಲೂ ಹೆಚ್ಚು ದೂರದವರೆಗೆ ನೀರು ನಿಲ್ಲುತ್ತದೆ. ಎರಡು ಇಂಚಿನ ಅಜಾಗ್ರತೆಗೆ ನಾಲ್ಕೈದು ಮನೆಗಳ ಮುಂದೆ ಕೊಳಚೆ! ಕಣ್ಣಳತೆಯ ಮೇಲೆ ಚರಂಡಿ ಕಟ್ಟಬಾರದು ಎನ್ನುವುದು ಇದಕ್ಕೇ.

ಕರಾವಳಿಯ ಊರುಗಳಿಗೂ ನಮಗೂ ಇಲ್ಲೊಂದು ವ್ಯತ್ಯಾಸವಿದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚರಂಡಿ ಕಟ್ಟುವಾಗ ಏನೇ ತಪ್ಪಾಗಿರಲಿ, ನಾಲ್ಕು ತಿಂಗಳು ಮಳೆರಾಯನೇ ಅದನ್ನು ತಿಕ್ಕಿ ತೊಳೆಯುತ್ತಾನೆ. ನಮ್ಮ ಕಡೆಯ ಮಳೆ 700ರಿಂದ 800 ಮಿಲಿಮೀಟರಿನ ಆಸುಪಾಸು, ಅದೂ ಕೆಲವೇ ದಿನಗಳ ಮಾತು. ಉಳಿದ ದಿನಗಳಲ್ಲಿ ಚರಂಡಿಯಲ್ಲಿ ಹರಿಯುವುದು ಬಚ್ಚಲ ನೀರು, ಬಟ್ಟೆ ಒಗೆದ ನೀರು ಮಾತ್ರ. ಇಷ್ಟು ಕಡಿಮೆ ನೀರು ಅಗಲವಾದ ಸಪಾಟು ತಳದಲ್ಲಿ ತೆಳ್ಳಗೆ ಹರಡಿಕೊಂಡು ಅಲ್ಲೇ ಮಲಗಿಬಿಡುತ್ತದೆ. ತಳವನ್ನು ಅರೆಗೋಲಾಕಾರವಾಗಿ ತೋಡಿದರೆ ಅಷ್ಟೇ ನೀರು ನಡುವೆ ಕೂಡಿಕೊಂಡು ಬೇಗ ಸಾಗುತ್ತದೆ. ಮಳೆ ಹೆಚ್ಚಿರುವ ಊರಿಗಿಂತ ಕಡಿಮೆ ಇರುವ ನಮ್ಮೂರಿನ ಚರಂಡಿಗೇ ಇಳಿಜಾರು, ಆಕಾರ ಎರಡೂ ಹೆಚ್ಚು ಕಟ್ಟುನಿಟ್ಟಾಗಿರಬೇಕು ಎಂದಾಯಿತಲ್ಲ.

ನೆಲದ ಗುಣವನ್ನೂ ನೋಡಬೇಕು. ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ತಳಕ್ಕೆ ಸರಿಯಾಗಿ ಮುರುಮು, ಖಡಿ ಹಾಕಿ ದಮ್ಮಸು ಮಾಡದೆ ಅದರ ಮೇಲೆ ನೇರವಾಗಿ ಕಾಂಕ್ರೀಟ್ ಸುರಿದರೆ ಒಂದೆರಡು ಮಳೆಗಾಲದಲ್ಲೇ ಅಲ್ಲಲ್ಲಿ ಏರಿ ಅಲ್ಲಲ್ಲಿ ಕುಸಿಯುತ್ತದೆ. ಕಟ್ಟುವಾಗ ಇದ್ದ ಇಳಿಜಾರೂ ಆಗ ಹಾಳು. ಶಹಾಬಾದ್, ವಾಡಿ ಕಡೆ ತೊಂದರೆ ಬೇರೆ. ಅಲ್ಲಿ ಎಷ್ಟೋ ಕಡೆ ಸ್ವಲ್ಪ ಅಗೆದರೆ ಸಾಕು, ಸುಣ್ಣಕಲ್ಲಿನ ಪದರು ಹಾಸಿಗೆ ಹಾಸಿದಂತೆ ಮಟ್ಟಸವಾಗಿ ಬಿದ್ದಿರುತ್ತದೆ. ಒಡೆಯುವುದು ಖರ್ಚಿನ ಕೆಲಸ. ಹಾಗಾಗಿ ಕಲ್ಲು ಎಲ್ಲಿದೆಯೋ ಅಲ್ಲಿಗೇ ಚರಂಡಿಯ ತಳ ನಿಂತುಬಿಡುವ ಅಪಾಯವಿದೆ.

ನೀರು ನಿಂತರೆ ನಾರುತ್ತದೆ, ಮೂಗು ಮುಚ್ಚಿಕೊಂಡು ದಾಟಿದರಾಯಿತು ಎನ್ನುವವರಿದ್ದಾರೆ. ಮಾತು ಅಲ್ಲಿಗೇ ಮುಗಿಯುವುದಿದ್ದರೆ ನಾನೂ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕರ್ನಾಟಕದಲ್ಲಿ ಆನೆಕಾಲು ರೋಗದ ಬಾಧೆಯಿರುವ ಪ್ರದೇಶಗಳೆಂದು ಆರೋಗ್ಯ ಇಲಾಖೆ ಗುರುತಿಸಿದ ಜಿಲ್ಲೆಗಳಲ್ಲಿ ಎರಡು ಗುಂಪುಗಳಿವೆ. ಒಂದು ಕರಾವಳಿಯದು. ಇನ್ನೊಂದು ನಮ್ಮದು: ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ. ಸಮುದ್ರದಿಂದ ಇಷ್ಟು ದೂರವಿರುವ ಬಿಸಿಲು ನಾಡಿಗೂ ಕರಾವಳಿಗೂ ಈ ಒಂದು ವಿಷಯದಲ್ಲಿ ನಂಟು!

ಈ ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಕೊಳೆತು ನಿಂತ ನೀರೆಂದರೆ ಪ್ರೀತಿ. ಡೆಂಗಿಯ ಸೊಳ್ಳೆ ಮನೆಯ ಹಂಡೆ, ಡ್ರಮ್ಮಿನ ತಿಳಿನೀರಿನಲ್ಲಿ ಮೊಟ್ಟೆಯಿಟ್ಟರೆ ಇದು ಚರಂಡಿಯನ್ನು ಹುಡುಕಿಕೊಂಡು ಹೋಗುತ್ತದೆ. ನಮ್ಮ ಸೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು. ರೋಗಾಣುವಾದ ಸಣ್ಣ ಹುಳು ರಾತ್ರಿ ಹೊತ್ತು ರಕ್ತದಲ್ಲಿ ಓಡಾಡುತ್ತದೆ, ಈ ಸೊಳ್ಳೆ ಕಚ್ಚುವುದೂ ರಾತ್ರಿಯೇ. ಆರೋಗ್ಯ ಕಾರ್ಯಕರ್ತರು ರಾತ್ರಿ ಬಂದು ಬೆರಳು ಚುಚ್ಚಿ ರಕ್ತ ತೆಗೆದುಕೊಳ್ಳುವುದು ಈ ಕಾರಣಕ್ಕೆ. ಬೆಳೆದ ಹುಳುಗಳು ಶರೀರದ ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕಿ ನಾಳವನ್ನು ಕೆಡಿಸುತ್ತವೆ. ಕಾಲು ಬಾತು ಕಾಣುವ ಹೊತ್ತಿಗೆ ಬಹಳ ಕಾಲ ಕಳೆದಿರುತ್ತದೆ. 2004ರಿಂದ ಮನೆ ಮನೆಗೆ ಬಂದು ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆದುಬಂದಿದೆ. ಮಾತ್ರೆ ರಕ್ತದಲ್ಲಿಯ ಸಣ್ಣ ಹುಳುಗಳನ್ನು ಕೊಲ್ಲುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುವುದನ್ನು ತಡೆಯುತ್ತದೆ. ಆದರೆ ಒಮ್ಮೆ ಆನೆಕಾಲಾದ ಕಾಲನ್ನು ಮೊದಲಿನಂತೆ ಮಾಡಲಾರದು. ಅಂಥ ಕಾಲು ಹೊತ್ತು ಹೊಲಕ್ಕೆ, ಕಲ್ಲಿನ ಖಣಿಗೆ ಕೂಲಿಗೆ ಹೋಗುವವರ ಪಾಡನ್ನು ಕಂಡವರೇ ಬಲ್ಲರು.

ಈ ಹುಳು ಸೊಳ್ಳೆಯ ಹೊಟ್ಟೆ ಸೇರುತ್ತದೆಂದು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ ಕಂಡುಕೊಂಡದ್ದು 1877ರಲ್ಲಿ, ಚೀನಾದ ಅಮೋಯ್ ಎಂಬ ಬಂದರಿನಲ್ಲಿ. ಆತನ ಪ್ರೇರಣೆಯಿಂದಲೇ ರೊನಾಲ್ಡ್ ರಾಸ್ 1897ರಲ್ಲಿ ಮಲೇರಿಯಾದ ಗುಟ್ಟನ್ನು ಸಿಕಂದರಾಬಾದಿನಲ್ಲಿ ಬಿಡಿಸಿದ. ವಾಡಿಯಲ್ಲಿ ರೈಲು ಹತ್ತಿದರೆ ಇಳಿಯುವ ಸಿಕಂದರಾಬಾದೇ ಅದು. ಸೊಳ್ಳೆಗೂ ರೋಗಕ್ಕೂ ಇರುವ ಸಂಬಂಧ ಲೋಕಕ್ಕೆ ತಿಳಿದು ನೂರು ವರ್ಷಗಳ ಮೇಲಾಯಿತು. ನಿಂತ ನೀರನ್ನು ಹರಿಸುವ ಕೆಲಸ ಮಾತ್ರ ಹಾಗೇ ಬಾಕಿ.

ಇನ್ನು ಸಿಮೆಂಟಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಸಿಮೆಂಟಿಗೆ ಬರವಿಲ್ಲ. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅವುಗಳಲ್ಲಿ ಶಹಾಬಾದಿನದೂ ಒಂದು. 1968ರಲ್ಲಿ ವಾಡಿಯ ಕಾರ್ಖಾನೆ, ಆಮೇಲೆ ಸೇಡಂ, ಮಳಖೇಡದ ಕಾರ್ಖಾನೆಗಳು ಬಂದವು. ದೇಶಕ್ಕೆಲ್ಲ ಸಿಮೆಂಟ್ ಕಳಿಸುವ ಸೀಮೆಯಲ್ಲಿ ಚರಂಡಿಯ ಗೋಡೆ ಕಾಲಿಂದ ಒದ್ದರೆ ಉದುರುತ್ತದೆ ಎಂದರೆ ಸಿಮೆಂಟಿನ ಚೀಲವನ್ನಷ್ಟೇ ಬೈದು ಪ್ರಯೋಜನವಿಲ್ಲ. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಗಟ್ಟಿಯಾಗುವುದು ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ನೀರು ಆರಿದರೆ ಕ್ರಿಯೆಯೂ ನಿಲ್ಲುತ್ತದೆ. ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಬೂದಿ ಮುಂತಾದವು ಬೆರೆತ ಸಿಮೆಂಟಾದರೆ, ಅಥವಾ ಒಣ ಬಿಸಿಲಿನ ಹವೆಯಾದರೆ ಕನಿಷ್ಠ 10 ದಿನ ಬಿಡದೆ ತೇವವಾಗಿಡಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ.

ಆದರೆ ನಮ್ಮ ಕಾಮಗಾರಿಗಳಿಗೆ ವೇಗ ಬರುವುದು ಯಾವಾಗ? ಮಾರ್ಚ್ ತಿಂಗಳಲ್ಲಿ. ಹಣಕಾಸಿನ ವರ್ಷ ಮುಗಿಯುತ್ತದೆ, ಅನುದಾನ ವಾಪಸಾದೀತೆಂಬ ಭಯ. ಅದೇ ಹೊತ್ತಿಗೆ ಬಿಸಿಲು ಏರುತ್ತಿರುತ್ತದೆ, ನಳಕ್ಕೆ ನೀರು ದಿನ ಬಿಟ್ಟು ದಿನ. ಕುಡಿಯಲಿಕ್ಕೇ ನೀರಿಲ್ಲದಾಗ ಚರಂಡಿಗೆ ನೀರು ಹೊಡೆಯುವವರು ಯಾರು? ಒಬ್ಬ ಗೌಂಡಿ ನನಗೆ ಹೇಳಿದ: "ಸರ್, ಮಾಲು ಹಾಕೋದು ನಮ್ಮ ಕೆಲಸ ಅದ್ರಿ. ನೀರ್ ಹೊಡೆಯೋದು ಯಾರ ಕೆಲಸ ಅಂತ ಯಾರೂ ಹೇಳಂಗಿಲ್ಲ." ಅವನ ಮಾತಿನಲ್ಲಿ ನಿಜವಿದೆ. ನೀರುಣಿಸುವ ಕೆಲಸಕ್ಕೆ ಮಳೆಗಾಲ ಮುಗಿದ ಮೇಲಿನ ತಿಂಗಳುಗಳೇ ಮೇಲು. ಬಜೆಟ್ಟಿನ ಪಂಚಾಂಗವೂ ಹವೆಯ ಪಂಚಾಂಗವೂ ಕೂಡಿ ಬರಬೇಕು, ಅಷ್ಟೇ.

ಕೊನೆಯದಾಗಿ ಚರಂಡಿಯ ತುದಿ. ವಾರ್ಡಿಗೆ ಇಷ್ಟೆಂದು ಹಣ ಹಂಚಿದಾಗ ಚರಂಡಿಯೂ ತುಂಡು ತುಂಡಾಗುತ್ತದೆ. ಈ ವರ್ಷ ಈ ಓಣಿಯದು, ಮುಂದಿನ ವರ್ಷ ಆ ಓಣಿಯದು. ಮೊದಲನೆಯದು ಎರಡನೆಯದಕ್ಕಿಂತ ತಗ್ಗಾಗಿದ್ದರೆ ನೀರು ಹಿಂದಕ್ಕೆ ಬರುತ್ತದೆ. ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೇ ಕಾಂಕ್ರೀಟ್ ಹಾಕುತ್ತ ಹೋದರೆ ರಸ್ತೆ ಏರುತ್ತದೆ, ಮನೆಯ ಹೊಸ್ತಿಲು ತಗ್ಗಾಗುತ್ತದೆ. ಮನೆ ಕಟ್ಟುವಾಗ ನಾವು ತಳಪಾಯದಿಂದ ಆರಂಭಿಸುತ್ತೇವೆ. ಚರಂಡಿಯನ್ನು ಕೆಳತುದಿಯಿಂದ, ಹಳ್ಳ ಸೇರುವ ಜಾಗದಿಂದ ಆರಂಭಿಸಬೇಕು. ಊರಿಗೆಲ್ಲ ಒಂದೇ ಮಟ್ಟದ ನಕ್ಷೆ ಇಲ್ಲದೆ ಇದು ಆಗದು. ಆ ಹಳ್ಳಗಳೂ ಕೊನೆಗೆ ಕಾಗಿಣಾ, ಭೀಮೆಯರನ್ನೇ ಸೇರುತ್ತವೆ, ಆ ನೀರನ್ನೇ ನಾವು ಮತ್ತೆ ಎತ್ತಿ ಕುಡಿಯುತ್ತೇವೆ ಎಂಬುದು ಇನ್ನೊಂದು ಅಧ್ಯಾಯ.

ನಮ್ಮಂಥ ಸಾಮಾನ್ಯರು ಏನು ಮಾಡಬಹುದು? ಮೊದಲು ಅಳೆಯಬಹುದು. ಒಂದು ವರ್ಷ ನನ್ನ ಒಂಬತ್ತನೆಯ ತರಗತಿಯ ಮಕ್ಕಳಿಗೆ 'ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ' ಎಂಬ ಪಾಠವನ್ನು ಓಣಿಯಲ್ಲೇ ಮಾಡಿದೆ. ಗೌಂಡಿಗಳು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ, ಎರಡು ತುದಿಗೆ ಎರಡು ಅಳತೆ ಕೋಲು ಕಟ್ಟಿ, ಹಂತ ಹಂತವಾಗಿ ಅಳೆದರು. ಹೊರಬೀಳಬೇಕಾದ ತುದಿಯೇ ನಾಲ್ಕು ಬೆರಳು ಎತ್ತರವಿತ್ತು! ಖರ್ಚಾದದ್ದು ಪೈಪಿನ ಬೆಲೆ ಮಾತ್ರ. ಬೈಗುಳಕ್ಕೆ ಯಾವ ಅಧಿಕಾರಿಯೂ ಉತ್ತರ ಕೊಡಬೇಕಿಲ್ಲ, ಅಳತೆಗೆ ಕೊಡಲೇಬೇಕಾಗುತ್ತದೆ.

ಎರಡನೆಯದು, ಕೇಳಬಹುದು. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ರಸ್ತೆ, ನೀರು, ನೈರ್ಮಲ್ಯದಂಥ 18 ವಿಷಯಗಳನ್ನು ಪಟ್ಟಿ ಮಾಡಿ ನಗರಸಭೆ, ಪುರಸಭೆಗಳ ಮುಂದಿಟ್ಟಿತು. 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಕಾಗದದ ನಕಲು ಪಡೆಯುವ ಕಾಯ್ದೆ ಎಂದಷ್ಟೇ ಜನ ತಿಳಿದಿದ್ದಾರೆ. ಅದರ 2(ಜೆ) ಕಲಮು ಓದಿ ನೋಡಿ. ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಕೂಡ ಅದರಲ್ಲಿದೆ. ಅಂದಾಜು ಪತ್ರಿಕೆಯಲ್ಲಿ ಇಳಿಜಾರು ಎಷ್ಟೆಂದು ಬರೆದಿದೆ, ಅಳತೆ ಪುಸ್ತಕದಲ್ಲಿ ಏನು ನಮೂದಾಗಿದೆ, ಎಷ್ಟು ದಿನ ನೀರುಣಿಸಿದ್ದಾರೆ, ದುರಸ್ತಿಯ ಹೊಣೆ ಗುತ್ತಿಗೆದಾರರ ಮೇಲೆ ಎಲ್ಲಿಯವರೆಗೆ ಇದೆ ಎಂಬ ನಾಲ್ಕು ಪ್ರಶ್ನೆ ಸಾಕು. ಕುರ್ಚಿಯಲ್ಲಿ ಚುನಾಯಿತ ಸದಸ್ಯರಿರಲಿ, ಆಡಳಿತಾಧಿಕಾರಿಯಿರಲಿ, ಪ್ರಶ್ನೆ ಒಂದೇ.

ಮೂರನೆಯದು ನಮ್ಮ ಅಂಗಳದ್ದು. ಚರಂಡಿಯ ಮೇಲೆ ಕಟ್ಟೆ ಕಟ್ಟಿ, ಸ್ಲ್ಯಾಬ್ ಹಾಕಿ ಮುಚ್ಚಿಬಿಟ್ಟರೆ ಪೌರಕಾರ್ಮಿಕರು ಎಲ್ಲಿಂದ ಹೂಳು ತೆಗೆಯಬೇಕು? ಮುಚ್ಚಲೇಬೇಕಾದರೆ ಶಹಾಬಾದಿ ಫರ್ಸಿ ಇದೆಯಲ್ಲ. ಬೇಕೆಂದಾಗ ಎತ್ತಬಹುದು, ತೆಗೆದು ಮತ್ತೆ ಕೂರಿಸಬಹುದು. ಮೊಹೆಂಜೊದಾರೊದವರು 4,000 ವರ್ಷಗಳ ಹಿಂದೆಯೇ ಬೀದಿಯ ಚರಂಡಿಗೆ ಎತ್ತಿ ಇಡಬಹುದಾದ ಇಟ್ಟಿಗೆ, ಕಲ್ಲುಗಳ ಮುಚ್ಚಳ ಮಾಡಿದ್ದರು. ನಮ್ಮ ಸುಣ್ಣಕಲ್ಲಿನ ತಾಳಿಕೆಯ ಬಗ್ಗೆ ಅನುಮಾನವಿದ್ದವರು ಚಿತ್ತಾಪುರ ತಾಲೂಕಿನ ಸನ್ನತಿಗೆ ಹೋಗಿ ಬರಲಿ. ಅಲ್ಲಿನ ಕನಗನಹಳ್ಳಿಯ ಸ್ತೂಪದ ಚಪ್ಪಡಿಯ ಮೇಲೆ ಅಶೋಕನ ಹೆಸರು ಸುಮಾರು ಎರಡು ಸಾವಿರ ವರ್ಷಗಳಾದರೂ ಅಳಿಯದೆ ನಿಂತಿದೆ.

ಹಾಗೆಂದು ಭೂಮಿಪೂಜೆ, ಉದ್ಘಾಟನೆ ಬೇಡ ಎನ್ನುವವನು ನಾನಲ್ಲ. ಹಾರ ಇರಲಿ, ತೆಂಗಿನಕಾಯಿಯೂ ಇರಲಿ. ಜೊತೆಗೆ ನಾಲ್ಕು ಕೊಡ ನೀರು ತರಿಸಿ ಚರಂಡಿಯ ಮೇಲ್ತುದಿಯಲ್ಲಿ ಸುರಿಯಲಿ. ಬಂದ ಅತಿಥಿಗಳು ಕೆಳತುದಿಯಲ್ಲಿ ನಿಂತು ಕಾಯಲಿ. ನೀರು ಅಲ್ಲಿಗೆ ಬಂದು ಮುಟ್ಟಿದ ಮೇಲೆ ಟೇಪು ಕತ್ತರಿಸಲಿ.