ಕೋಲ್ಕತ್ತಾದ ಕೊಳಚೆ ತೊಳೆಯುವ ಮೀನುಗಾರರು: ಕಾನೂನು ಜಾಗ ಉಳಿಸಿತು, ಕೆಲಸ ಉಳಿಸುವವರು ಯಾರು?

ಕೋಲ್ಕತ್ತಾ: ನಗರದ ಮನೆ, ಹೋಟೆಲ್, ಮಾರುಕಟ್ಟೆಗಳಿಂದ ಇಲ್ಲಿ ದಿನಕ್ಕೆ 75 ಕೋಟಿ ಲೀಟರ್‌ಗೂ ಹೆಚ್ಚು ಕೊಳಚೆ ನೀರು ಹೊರಬೀಳುತ್ತದೆ. ಅದರಲ್ಲಿ ಗಣನೀಯ ಪಾಲು ಶುದ್ಧವಾಗುವುದು ಯಂತ್ರಗಳಿರುವ ಘಟಕದಲ್ಲಲ್ಲ, ಮೀನಿನ ಕೊಳಗಳಲ್ಲಿ. ಈ ಕೆಲಸಕ್ಕೆ ನಗರ ಯಾರಿಗೂ ಬಿಲ್ ಕಟ್ಟುತ್ತಿಲ್ಲ.

ನಗರದ ಪೂರ್ವ ಅಂಚಿನಲ್ಲಿ ಸುಮಾರು 12,500 ಹೆಕ್ಟೇರ್‌ನಲ್ಲಿ ಹರಡಿರುವ ಜೌಗು ಪ್ರದೇಶಕ್ಕೆ 2002ರಲ್ಲಿ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿದೆ. 2006ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಇದಕ್ಕಾಗಿಯೇ ಪ್ರತ್ಯೇಕ ಕಾಯ್ದೆ ತಂದು ಪ್ರಾಧಿಕಾರವನ್ನೂ ರಚಿಸಿದೆ. ಇಷ್ಟಾದರೂ ಒತ್ತುವರಿ ನಿಂತಿಲ್ಲ. ಅಕ್ರಮ ಕಟ್ಟಡಗಳ ವಿಚಾರ ಕಲ್ಕತ್ತಾ ಹೈಕೋರ್ಟ್ ಮೆಟ್ಟಿಲೇರಿದೆ. ಹಾಗಾದರೆ ಲೋಪ ಎಲ್ಲಿದೆ?

ಕೊಳಚೆಯಿಂದ ಮೀನು: ನಡೆಯುವುದು ಹೇಗೆ?

ಕೋಲ್ಕತ್ತಾದ ನೆಲ ಹೂಗ್ಲಿ ನದಿಯ ಕಡೆಯಿಂದ ಪೂರ್ವಕ್ಕೆ ಇಳಿಜಾರಾಗಿದೆ. ಹೀಗಾಗಿ ಕೊಳಚೆ ಕಾಲುವೆಗಳು ಹರಿಯುವುದೂ ಪೂರ್ವಕ್ಕೇ. ಹಿಂದೆ ಇಲ್ಲಿ ಸಮುದ್ರದ ಉಬ್ಬರದ ಉಪ್ಪುನೀರು ಬರುತ್ತಿತ್ತು. ಬಿದ್ಯಾಧರಿ ನದಿ ಹೂಳು ತುಂಬಿ ಸತ್ತ ಮೇಲೆ ಉಪ್ಪುನೀರು ನಿಂತಿತು. ಮೀನುಗಾರರು ಸುಮ್ಮನೆ ಕೂರದೆ ಕೊಳಚೆ ನೀರಿನಲ್ಲೇ ಮೀನು ಸಾಕುವುದನ್ನು ಕಲಿತರು. ಕಳೆದ ಶತಮಾನದ ಮೊದಲ ಭಾಗದಿಂದ ಈ ಕಸುಬು ನಡೆದುಕೊಂಡು ಬಂದಿದೆ.

ಸ್ಥಳೀಯರು ‘ಭೇರಿ’ ಎಂದು ಕರೆಯುವ ಈ ಕೊಳಗಳ ಆಳ ತೀರಾ ಕಡಿಮೆ. ಬಿಸಿಲು ತಳದವರೆಗೂ ಇಳಿಯುತ್ತದೆ. ಚಳಿಗಾಲದಲ್ಲಿ ಕೊಳ ಬರಿದು ಮಾಡಿ, ತಳ ಒಣಗಿಸಿ, ಸುಣ್ಣ ಹಾಕುತ್ತಾರೆ. ನಂತರ ಕೊಳಚೆ ನೀರು ಬಿಟ್ಟು ಕೆಲವು ವಾರ ನಿಲ್ಲಿಸುತ್ತಾರೆ. ಬ್ಯಾಕ್ಟೀರಿಯಾಗಳು ಕೊಳೆಯನ್ನು ಒಡೆಯುತ್ತವೆ, ಪಾಚಿ ಬೆಳೆಯುತ್ತದೆ. ಆ ಪಾಚಿ ರೋಹು, ಕಾಟ್ಲಾ, ತಿಲಾಪಿಯಾ ಮೀನುಗಳಿಗೆ ಮೇವಾಗುತ್ತದೆ. ಏರಿಯ ಉದ್ದಕ್ಕೂ ಬೆಳೆಸಿದ ಜಲಸಸ್ಯಗಳು ಅಲೆಯ ಹೊಡೆತವನ್ನು ತಡೆಯುವುದಲ್ಲದೆ ಲೋಹದ ಅಂಶವನ್ನೂ ಹೀರಿಕೊಳ್ಳುತ್ತವೆ.

ನಗರದ ಮಾರುಕಟ್ಟೆಗೆ ಇಲ್ಲಿಂದ ವರ್ಷಕ್ಕೆ ಸಾವಿರಾರು ಟನ್ ಮೀನು ಹೋಗುತ್ತದೆ. ಪಕ್ಕದ ಧಾಪಾದಲ್ಲಿ ತರಕಾರಿ ಬೆಳೆಯುತ್ತದೆ. ಈ ವ್ಯವಸ್ಥೆಯನ್ನು ಜಗತ್ತಿಗೆ ಪರಿಚಯಿಸಿದ ಎಂಜಿನಿಯರ್ ಧ್ರುವಜ್ಯೋತಿ ಘೋಷ್ (2018ರಲ್ಲಿ ನಿಧನ), ಕೋಲ್ಕತ್ತಾವನ್ನು ಪರಿಸರವೇ ಸಬ್ಸಿಡಿ ಕೊಟ್ಟು ಸಾಕುತ್ತಿರುವ ನಗರ ಎಂದು ಬಣ್ಣಿಸುತ್ತಿದ್ದರು.

ನಕ್ಷೆಗೆ ರಕ್ಷಣೆ, ಕಸುಬಿಗೆ ಇಲ್ಲ

ಈ ಜಾಗದ ಮೇಲೆ ಕಣ್ಣು ಬಿದ್ದಿದ್ದು ಇಂದು ನಿನ್ನೆಯಲ್ಲ. ಸಾಲ್ಟ್ ಲೇಕ್ ಬಡಾವಣೆ ಎದ್ದಿದ್ದೇ ಹೀಗೆ ತುಂಬಿಸಿದ ಜೌಗು ನೆಲದ ಮೇಲೆ. 1992ರಲ್ಲಿ ‘ಪಬ್ಲಿಕ್’ ಎಂಬ ನಾಗರಿಕ ಸಂಘಟನೆಯ ಅರ್ಜಿಯ ಮೇಲೆ ಕಲ್ಕತ್ತಾ ಹೈಕೋರ್ಟ್ ಭೂಬಳಕೆ ಬದಲಾವಣೆಗೆ ತಡೆ ಹಾಕಿತು. 2006ರ ಕಾಯ್ದೆಯ ಒತ್ತು ಇರುವುದೂ ಭೂಬಳಕೆಯ ಮೇಲೆಯೇ: ಗಡಿ ಗುರುತಿಸು, ಕಟ್ಟಡ ತಡೆ.

ಆದರೆ ಭೇರಿ ಉಳಿಯಬೇಕಾದರೆ ಜಾಗವೊಂದಿದ್ದರೆ ಸಾಲದು. ಸಮಯಕ್ಕೆ ಸರಿಯಾಗಿ ಸಾಕಷ್ಟು ಕೊಳಚೆ ನೀರು ಬರಬೇಕು. ಮೀನುಗಾರರಿಗೆ ಕಾಲುವೆಯಲ್ಲಿ ನೀರಿನ ಮಟ್ಟ ಎತ್ತರದಲ್ಲಿರಬೇಕು. ಮಳೆಗಾಲದಲ್ಲಿ ನಗರಕ್ಕೆ ಅದೇ ಮಟ್ಟ ಕೆಳಗಿರಬೇಕು. ಗೇಟಿನ ನಿಯಂತ್ರಣ ಇರುವುದು ಸರ್ಕಾರದ ಕೈಯಲ್ಲಿ. ಹೂಳು ತುಂಬಿದ ಕಾಲುವೆಗೆ ನೀರು ಏರದಿದ್ದರೆ ಕೊಳ ಸೊರಗುತ್ತದೆ, ಮೀನು ಕಡಿಮೆಯಾಗುತ್ತದೆ, ಕೂಲಿಯೂ ಕಡಿಮೆಯಾಗುತ್ತದೆ. ಮಗ ನಗರದಲ್ಲಿ ಬೇರೆ ಕೆಲಸ ಹುಡುಕುತ್ತಾನೆ. ಭೇರಿಗಳಲ್ಲಿ ಕೆಲವು ಸಹಕಾರ ಸಂಘಗಳ ಕೈಯಲ್ಲಿದ್ದರೆ, ಕೆಲವು ಖಾಸಗಿಯವರವು. ಲಾಭ ಕೊಡದ ಕೊಳದ ಮಾಲೀಕನಿಗೆ ಮಣ್ಣು ತುಂಬಿಸುವವನ ಮಾತು ಹಿತವಾಗಿ ಕೇಳುತ್ತದೆ.

ಇದಕ್ಕೆ ಬಂತಾಲಾದ ಚರ್ಮೋದ್ಯಮದ ಆತಂಕವೂ ಸೇರಿದೆ. ಪಾಚಿ ಮತ್ತು ಮೀನು ಮನೆಯ ಕೊಳಚೆಯನ್ನು ಅರಗಿಸಿಕೊಳ್ಳಬಲ್ಲವು. ಕ್ರೋಮಿಯಂ ಅನ್ನು ಅಲ್ಲ.

ನಷ್ಟ ಮೀನುಗಾರರಿಗಷ್ಟೇ ಅಲ್ಲ. ನಗರದ ಮಳೆನೀರು ಹರಿದು ಹೋಗುವ ತಗ್ಗೂ ಇದೇ ದಿಕ್ಕಿನಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ, ದುರ್ಗಾಪೂಜೆಗೆ ಕೆಲವೇ ದಿನ ಇರುವಾಗ, 24 ಗಂಟೆಯೊಳಗೆ ಸುಮಾರು 250 ಮಿ.ಮೀ. ಮಳೆ ಸುರಿದು ಕೋಲ್ಕತ್ತಾ ಮುಳುಗಿತ್ತು; ಜೀವಹಾನಿಯೂ ಆಗಿತ್ತು. ಅಂಥ ಮಳೆ ಮತ್ತೆ ಬಂದಾಗ ತುಂಬಿಸಿದ ಒಂದೊಂದು ಕೊಳವೂ ಲೆಕ್ಕಕ್ಕೆ ಬರುತ್ತದೆ.

ಬೆಂಗಳೂರಿಗೆ ಏನು ಪಾಠ?

ಕೊಳಚೆ ನುಗ್ಗಿದ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿದ್ದನ್ನು ಕನ್ನಡಿಗರು ಮರೆತಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಕೆರೆಗಳು ತುಂಬಿವೆ ನಿಜ. ಆದರೆ ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಹೋರಾಟ ಕೋರ್ಟ್‌ವರೆಗೂ ಹೋಯಿತು. ಜಕ್ಕೂರು ಕೆರೆಯಲ್ಲಿ ಸಂಸ್ಕರಿತ ನೀರು ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ, ಅಲ್ಲಿ ಮೀನುಗಾರಿಕೆಯೂ ಇದೆ. ಕೋಲ್ಕತ್ತಾಕ್ಕೆ ಹತ್ತಿರದ ಮಾದರಿ ಇದೇ.

ನಮ್ಮ ಕೆರೆಗಳಿಗೂ ಹಿಂದೆ ನೀರುಗಂಟಿ ಇದ್ದ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ನೀರು ಎಂಬುದು ಅವನಿಗೆ ಗೊತ್ತಿತ್ತು. ಆ ಕೆಲಸಕ್ಕೆ ಆದಾಯ ನಿಂತಾಗ ನೀರುಗಂಟಿ ಹೋದ, ಅವನ ಹಿಂದೆಯೇ ಎಷ್ಟೋ ಕೆರೆಗಳೂ ಹೋದವು. ಕೋಲ್ಕತ್ತಾದಲ್ಲಿ ಆ ಕೆಲಸಗಾರರು ಇನ್ನೂ ಉಳಿದಿದ್ದಾರೆ. ಕಾಲುವೆಯ ಹೂಳೆತ್ತುವುದು, ಕೊಳಚೆ ನೀರಿನಲ್ಲಿ ಭೇರಿಗಳಿಗೆ ನಿಗದಿತ ಪಾಲು ಕೊಡುವುದು, ಗೇಟಿನ ತೀರ್ಮಾನದಲ್ಲಿ ಮೀನುಗಾರರಿಗೂ ಮಾತಿರುವಂತೆ ನೋಡಿಕೊಳ್ಳುವುದು ಹೊಸ ಶುದ್ಧೀಕರಣ ಘಟಕ ಕಟ್ಟುವಷ್ಟು ದುಬಾರಿಯೇನಲ್ಲ. ಅದನ್ನು ಮಾಡದೆ ಬರೀ ಅಕ್ರಮ ಕಟ್ಟಡ ಕೆಡವುತ್ತಾ ಹೋದರೆ ಜಾಗ ಉಳಿಯಬಹುದು, ನೀರು ತೊಳೆಯುವ ಕೈಗಳು ಉಳಿಯುವುದು ಕಷ್ಟ.