ಎಡಿಟಿಂಗ್ ಆಮೇಲೆ, ಮೊದಲು ಹೆಸರಿಡಿ

ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಈಗ ಕ್ಯಾಮೆರಾಕ್ಕೆ ಬರ ಇಲ್ಲ. ಹೈಟೆಕ್ ಶಾಲಾ ಯೋಜನೆಯಲ್ಲಿ ಕೈಟ್ ಸಂಸ್ಥೆ ಹೈಸ್ಕೂಲುಗಳಿಗೆ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಟ್ಟಿತು. 2018ರಲ್ಲಿ ಲಿಟ್ಲ್ ಕೈಟ್ಸ್ ಕ್ಲಬ್ಬುಗಳು ಶುರುವಾದವು. ಅದಿಲ್ಲದಿದ್ದರೂ ಪ್ರತಿಯೊಬ್ಬ ಟೀಚರ ಕೈಯಲ್ಲಿ ಫೋನು ಉಂಟು. ಎಂಟನೇ ಕ್ಲಾಸಿನ ಮಕ್ಕಳು ಕೆಡೆನ್‌ಲೈವ್ ತೆರೆದು ವಿಡಿಯೋ ಕತ್ತರಿಸಿ, ಹಾಡು ಸೇರಿಸಿ, ಟೈಟಲ್ಲು ಹಾರಿಸಿ ಕೊಡುತ್ತಾರೆ. ಸಂತೋಷವೇ. ಆದರೆ ಎರಡು ವರ್ಷದ ಹಿಂದಿನ ಕಲೋತ್ಸವದ ಯಕ್ಷಗಾನದ ಮೂಲ ವಿಡಿಯೋ ಕೊಡಿ ಅಂತ ಕೇಳಿ ನೋಡಿ. ಒಬ್ಬರು ಪೆನ್‌ಡ್ರೈವಿನಲ್ಲಿತ್ತು ಅಂತಾರೆ, ಇನ್ನೊಬ್ಬರು ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಯಿತು ಅಂತಾರೆ. ಉಳಿದಿರುವುದು ವಾಟ್ಸಾಪ್‌ನಲ್ಲಿ ಬಂದ ಮೂರು ನಿಮಿಷದ ಮಸುಕು ತುಂಡು ಮಾತ್ರ.

ಎಡಿಟಿಂಗ್ ಕಲಿಸುವುದಕ್ಕೆ ನಾವು ಕೊಡುವ ಸಮಯದಲ್ಲಿ ಅರ್ಧವನ್ನಾದರೂ ಫೈಲುಗಳನ್ನು ಜೋಡಿಸಿಡುವುದಕ್ಕೆ ಕೊಡಬೇಕು ಅಂತ ನನ್ನ ವಾದ. ಇದು ಗುಮಾಸ್ತರ ಕೆಲಸ, ಕಲೆ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಲೈಬ್ರರಿಯ ಪುಸ್ತಕಗಳಿಗೆ ನಂಬರು ಹಾಕುವುದೂ ಗುಮಾಸ್ತರ ಕೆಲಸವೇ, ಅದಿಲ್ಲದೆ ಪುಸ್ತಕ ಸಿಗುತ್ತದೆಯೇ?

ಕ್ಯಾಮೆರಾಕ್ಕೆ ತಾನು ಏನು ಚಿತ್ರಿಸುತ್ತಿದ್ದೇನೆ ಅಂತ ಗೊತ್ತಿಲ್ಲ. ಅದು ಎಂವಿಐ_0042 ಅಂತ ಒಂದು ನಂಬರು ಹಾಕಿ ಸುಮ್ಮನಾಗುತ್ತದೆ. 9999 ಮುಗಿದರೆ ಮತ್ತೆ 0001. ಎರಡು ಕ್ಯಾಮೆರಾ ಇದ್ದರೆ ಎರಡರಲ್ಲೂ ಒಂದೊಂದು 0042 ಇರಬಹುದು. ಎರಡನ್ನೂ ಒಂದೇ ಫೋಲ್ಡರಿಗೆ ಹಾಕುವಾಗ 'ರಿಪ್ಲೇಸ್' ಒತ್ತಿದರೆ ಮೊದಲಿನದು ಹೋಯಿತು. ಇನ್ನು 32 ಜಿಬಿಯ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ, ಹಾಗಾಗಿ ಎರಡು ಗಂಟೆಯ ಪ್ರಸಂಗ ಹಲವು ತುಂಡಾಗಿ ಬರುತ್ತದೆ. ಹೆಸರಿಡದೆ ಬಿಟ್ಟರೆ ಯಾವ ತುಂಡಿನ ಮೇಲೆ ಯಾವುದು ಅಂತ ಹುಡುಕುವುದರಲ್ಲೇ ಭಾನುವಾರ ಮುಗಿಯುತ್ತದೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಮೊದಲು ಕ್ಯಾಮೆರಾದ ಗಡಿಯಾರ ಸರಿಯಿದೆಯೇ ನೋಡಿ, ಬ್ಯಾಟರಿ ತೆಗೆದಿಟ್ಟ ಕ್ಯಾಮೆರಾ ತಾರೀಕು ಮರೆತಿರುತ್ತದೆ. ಕಾರ್ಯಕ್ರಮ ಮುಗಿದ ದಿನವೇ ಕಾರ್ಡನ್ನು ಇದ್ದ ಹಾಗೆ ನಕಲು ಮಾಡಿ. ಫೋಲ್ಡರಿಗೆ ವರ್ಷ ಮೊದಲು ಬರುವಂತೆ ಹೆಸರು: '2024-08-15 ಸ್ವಾತಂತ್ರ್ಯೋತ್ಸವ'. ಹಾಗಾದರೆ ಕಂಪ್ಯೂಟರು ತಾನಾಗಿಯೇ ಕ್ರಮದಲ್ಲಿ ನಿಲ್ಲಿಸುತ್ತದೆ. 15-08 ಅಂತ ಬರೆದರೆ ಎಲ್ಲ ವರ್ಷದ ಹದಿನೈದನೇ ತಾರೀಕುಗಳೂ ಒಟ್ಟಿಗೆ ಕೂರುತ್ತವೆ. ಒಳಗೆ ಕ್ಯಾಮೆರಾ 1, ಕ್ಯಾಮೆರಾ 2, ಫೋನು, ಧ್ವನಿ ಅಂತ ಬೇರೆ ಬೇರೆ. ಇಷ್ಟಾದ ಮೇಲೆ ಎಡಿಟಿಂಗ್. ಎಡಿಟಿಂಗಿನ ಪ್ರಾಜೆಕ್ಟ್ ಫೈಲಿನ ಒಳಗೆ ವಿಡಿಯೋ ಇರುವುದಿಲ್ಲ, ವಿಡಿಯೋ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ನಡುವೆ ಫೋಲ್ಡರಿನ ಜಾಗ ಬದಲಿಸಿದರೆ, ಬಾಡಿಗೆ ಮನೆ ಬಿಟ್ಟವರಿಗೆ ಕಾಗದ ಹಾಕಿದ ಹಾಗೆ. ನಕಲು ಎರಡು ಕಡೆ ಇಟ್ಟ ಮೇಲೆಯೇ ಕಾರ್ಡು ಅಳಿಸಿ. ಒಂದು ಹಾರ್ಡ್‌ಡಿಸ್ಕ್ ಶಾಲೆಯಲ್ಲಿ, ಇನ್ನೊಂದು ಶಾಲೆಯ ಹೊರಗೆ. ಪೆನ್‌ಡ್ರೈವ್ ಸಾಗಿಸುವುದಕ್ಕೆ, ಇಡುವುದಕ್ಕಲ್ಲ.

ಹೆಸರು ಕನ್ನಡದಲ್ಲೇ ಇರಲಿ. ಬರಹ, ನುಡಿಯ ಹಳೆಯ ಫಾಂಟುಗಳ ಕಾಲದಲ್ಲಿ ಫೈಲಿಗೆ ಕನ್ನಡ ಹೆಸರು ಕೊಡುವುದು ಪೀಕಲಾಟವಾಗಿತ್ತು, ಯೂನಿಕೋಡ್ ಬಂದ ಮೇಲೆ ಆ ನೆವ ಇಲ್ಲ. ಲ್ಯಾಬಿಗೆ ನಾಳೆ ಕನ್ನಡ ಬಾರದವರು ಬಂದರೆ ಅಂತ ಕೇಳುತ್ತಾರೆ. ತಾರೀಕು ಎಲ್ಲರಿಗೂ ಓದಲು ಬರುತ್ತದಲ್ಲ! ಕನ್ನಡ ಮಾಧ್ಯಮದ ಶಾಲೆಯಲ್ಲಿ ಕನ್ನಡ ಬಲ್ಲವರೇ ಇರಬೇಕು ಎಂಬುದು ಬೇರೆ ಜಗಳ, ಅದನ್ನು ಬೇರೆಯೇ ಮಾಡೋಣ.

ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರತಿ ಫೋಲ್ಡರಿನಲ್ಲಿ 'ವಿವರ' ಅಂತ ಒಂದು ಚಿಕ್ಕ ಟೆಕ್ಸ್ಟ್ ಫೈಲು. ಯಾರು ಮಾತಾಡಿದ್ದು, ಯಾವ ಊರಿನವರು, ಭಾಗವತರು ಯಾರು, ಚೆಂಡೆ ಯಾರದು, ಚಿತ್ರಿಸಿದ ಮಕ್ಕಳು ಯಾರು, ತೋರಿಸಲು ಒಪ್ಪಿಗೆ ಉಂಟೇ. ಮಕ್ಕಳು ಅಜ್ಜ ಅಜ್ಜಿಯರ ಹತ್ತಿರ ಹೋಗಿ ಹಳೆಯ ಕೃಷಿ, ಕಂಬಳ, ಭಾಷಾವಾರು ಪ್ರಾಂತ್ಯದ ಗಲಾಟೆಯ ಬಗ್ಗೆ ಮಾತಾಡಿಸಿ ತರುತ್ತಾರೆ. 1956ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಅವರ ಬಾಯಿಯ ಹವ್ಯಕ, ಕರಾಡ, ಕೋಟದ ಮಾತು, ತುಳು ಬೆರೆತ ಕನ್ನಡ ಇನ್ನೊಮ್ಮೆ ಸಿಗುವುದಿಲ್ಲ. ನಾವು ಅದರಿಂದ ಐದು ನಿಮಿಷ ಕತ್ತರಿಸಿ, ಹಿಂದೆ ಕೊಳಲು ಹಾಕಿ, ಉಳಿದ ಐವತ್ತು ನಿಮಿಷ ಅಳಿಸುತ್ತೇವೆ. ಆ ಐವತ್ತು ನಿಮಿಷದಲ್ಲಿಯೇ ಅಜ್ಜಿ ತಡವರಿಸಿ, ನೆನಪು ಮಾಡಿಕೊಂಡು, ಸರಿಯಾದ ಶಬ್ದ ಹೇಳಿರುತ್ತಾರೆ.

ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಆಗ ಊರಲ್ಲಿ ಎಷ್ಟು ಕ್ಯಾಮೆರಾ ಇದ್ದೀತು? ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿಸಿ 2015ರ ಆಗಸ್ಟಿನಲ್ಲಿ ಹೋದರು. ಅವರ ಕೊನೆಯ ವರ್ಷಗಳು ಹ್ಯಾಂಡಿಕ್ಯಾಮಿನ ಕಾಲ, ಆಮೇಲೆ ಫೋನಿನ ಕಾಲ. ಸಭೆಗಳಲ್ಲಿ ಅವರನ್ನು ಚಿತ್ರಿಸಿದವರು ಆ ಮೂಲವನ್ನು ಇವತ್ತು ತೆಗೆದು ತೋರಿಸಬಲ್ಲರೇ? ಮಿನಿಡಿವಿ ಟೇಪು ಯಾರದಾದರೂ ಮನೆಯಲ್ಲಿದ್ದರೆ ದಯವಿಟ್ಟು ಈಗಲೇ ಇಳಿಸಿಕೊಳ್ಳಿ. ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಬೇಕು, ಅದು ದೊಡ್ಡದಲ್ಲ. ಟೇಪು ಓಡುವ ಕ್ಯಾಮೆರಾ ಮತ್ತು ಫೈರ್‌ವೈರ್ ಕಿಂಡಿ ಇರುವ ಕಂಪ್ಯೂಟರು ಸಿಗುವುದೇ ಕಷ್ಟ.

ಎಲ್ಲವನ್ನೂ ಇಡಬೇಕೆಂದು ನಾನು ಹೇಳುತ್ತಿಲ್ಲ. ನೆಲದ ಚಿತ್ರ, ಸ್ಟಾರ್ಟ್ ಆಗಿದೆಯೋ ಇಲ್ಲವೋ ಅಂತ ಲೆನ್ಸಿನೊಳಗೆ ಇಣುಕುವ ಮುಖ, ಮುಖ್ಯ ಅತಿಥಿಗಳ ಮುಕ್ಕಾಲು ಗಂಟೆ (ಕ್ಷಮಿಸಿ) ಹೋದರೂ ನಡೆಯುತ್ತದೆ. ಆದರೆ ಯಾವುದು ಹೋಗಬೇಕು ಎಂಬುದನ್ನು ನೋಡಿ ತೀರ್ಮಾನಿಸಿದವರು ಒಬ್ಬರಿರಬೇಕು, ಜಾಗ ಸಾಲದೆ ಹೋಗಬಾರದು. ಈ ಸಲದ ವಾರ್ಷಿಕೋತ್ಸವಕ್ಕೆ ಕ್ಯಾಮೆರಾ ಹಿಡಿಯುವ ಮಗುವಿನ ಪಕ್ಕದಲ್ಲಿ ನೋಟ್‌ಬುಕ್ ಹಿಡಿದ ಇನ್ನೊಂದು ಮಗುವನ್ನು ಕೂರಿಸಿ. ಎಷ್ಟು ಗಂಟೆಗೆ ಯಾವ ಕಾರ್ಯಕ್ರಮ, ವೇದಿಕೆಯಲ್ಲಿ ಯಾರು ಅಂತ ಬರೆಯಲಿ. ರಜೆಯೊಳಗೆ ಅದನ್ನು ಟೈಪು ಮಾಡಿ ಫೋಲ್ಡರಿಗೆ ಹಾಕಿದರಾಯಿತು.