ಪಿಕಪ್ ಏರಿದ ಬೈಕನ್ನು ಹಿಡಿಯುವವರು ಯಾರು?

ಕಾಲೇಜಿಗೆಂದು ಮಕ್ಕಳು ಪರವೂರಿಗೆ ಹೊರಟಾಗ ಹಾಸಿಗೆ, ಪುಸ್ತಕ, ಬಕೆಟ್ಟುಗಳ ಜೊತೆಗೆ ಕೆಲವೊಮ್ಮೆ ಮನೆಯ ಬೈಕೂ ಹೊರಡುತ್ತದೆ. ಮಂಗಳೂರಿನ ಶಕ್ತಿನಗರದ ಒಂದು ಮನೆಯ ಮುಂದೆ ಚಿಕ್ಕ ಪಿಕಪ್ ಬಂದು ನಿಂತಿದೆ ಎಂದು ಭಾವಿಸಿ. ಹೋಗಬೇಕಾದದ್ದು ಹಾಸನಕ್ಕೆ. ಪಡೀಲು, ಬಿ.ಸಿ. ರೋಡು, ಉಪ್ಪಿನಂಗಡಿ, ಗುಂಡ್ಯ ದಾಟಿ, ಶಿರಾಡಿ ಘಾಟಿ ಹತ್ತಿ ಸುಮಾರು 170 ಕಿಲೋಮೀಟರ್ ದಾರಿ. ನಾಲ್ಕು ಜನ ಸೇರಿ ಬೈಕನ್ನು ಎತ್ತಿ, ಸೈಡ್ ಸ್ಟ್ಯಾಂಡ್ ಹಾಕಿ, ಒಂದು ಹಗ್ಗ ಸುತ್ತಿದ್ದಾಯಿತು. ಕೊನೆಗೆ ತಂದೆ ಹೇಳುತ್ತಾರೆ: "ನೀನು ಹಿಂದೆ ಕೂತು ಹ್ಯಾಂಡಲ್ ಹಿಡ್ಕೊ ಮಗಾ. ಬೀಳ್ಲಿಕ್ಕಿಲ್ಲ."

ಬಹಳ ಮನೆಗಳಲ್ಲಿ ಕೇಳಿಬರುವ ಮಾತಿದು. ಆದರೆ ಹುಡುಗ ನಿಜವಾಗಿಯೂ ಬೈಕನ್ನು ಹಿಡಿದಿಡಬಲ್ಲನೇ? ಶಾಲೆಯಲ್ಲಿ ಕಲಿತ ಲೆಕ್ಕವೇ ಇದಕ್ಕೆ ಉತ್ತರ ಹೇಳುತ್ತದೆ.

ಚಲಿಸುತ್ತಿರುವ ವಸ್ತು, ಹೊರಗಿನ ಬಲ ತಡೆಯುವ ತನಕ ಅದೇ ವೇಗದಲ್ಲಿ ನೇರವಾಗಿ ಮುಂದುವರಿಯುತ್ತದೆ. 1687ರಲ್ಲಿ ಪ್ರಕಟವಾದ ಗ್ರಂಥದಲ್ಲಿ ನ್ಯೂಟನ್ ಹೇಳಿದ ಮೊದಲನೆಯ ನಿಯಮವಿದು. ಪಿಕಪ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ; ಎದುರಿಗೆ ದನ ಬಂತು. ಚಾಲಕ ಬ್ರೇಕ್ ಒತ್ತಿ 3 ಸೆಕೆಂಡುಗಳಲ್ಲಿ ನಿಲ್ಲಿಸುತ್ತಾನೆ. ಹೀರೋ ಸ್ಪ್ಲೆಂಡರ್‌ನಂತಹ ಬೈಕಿನ ತೂಕ ಸುಮಾರು 112 ಕೆ.ಜಿ. ಸಡಿಲವಾಗಿ ನಿಂತ ಅದನ್ನು ಪಿಕಪ್ಪಿನ ಜೊತೆಗೇ ನಿಲ್ಲಿಸಲು ಸುಮಾರು 620 ನ್ಯೂಟನ್ ಬಲ ಬೇಕು. ಅಂದರೆ 63 ಕೆ.ಜಿ. ಭಾರವನ್ನು ಎತ್ತಿ ಹಿಡಿದಷ್ಟು. ಹುಡುಗನೂ ಮುಂದಕ್ಕೆ ನುಗ್ಗುತ್ತಿರುತ್ತಾನಲ್ಲ! 60 ಕೆ.ಜಿ.ಯ ಹುಡುಗ ತನ್ನನ್ನು ತಡೆದುಕೊಳ್ಳಲು ಇನ್ನೂ 34 ಕೆ.ಜಿ.ಯಷ್ಟು ಬಲ ಕೊಡಬೇಕು. ಎಚ್ಚರಿಕೆಯಿಲ್ಲದೆ ಬರುವ ಆ ಕ್ಷಣದಲ್ಲಿ ಯಾವ ತೋಳೂ ಇದನ್ನು ಮಾಡಲಾರದು. ಬೈಕು ಬಿದ್ದರೆ ಅದರಡಿಗೆ ಸಿಲುಕುವವನೂ ಅವನೇ. ಸರಕು ವಾಹನದ ಹಿಂಭಾಗದಲ್ಲಿ ಜನರನ್ನು ಕೂರಿಸಿಕೊಂಡು ಹೋಗುವುದು ಕಾನೂನಿಗೂ ವಿರುದ್ಧ.

ಹಾಗಾದರೆ ಬೈಕನ್ನು ಹಿಡಿಯಬೇಕಾದದ್ದು ಯಾವುದು? ಮುಂದಿನ ಗೋಡೆ ಮತ್ತು ನಾಲ್ಕು ಬೆಲ್ಟುಗಳು.

ಮೊದಲು ಹತ್ತಿಸುವ ಕೆಲಸ. ಪಿಕಪ್ಪಿನ ನೆಲ 70 ಸೆಂಟಿಮೀಟರ್ ಎತ್ತರವಿದೆ ಎಂದುಕೊಳ್ಳಿ. 2.1 ಮೀಟರ್ ಉದ್ದದ ಗಟ್ಟಿ ಹಲಗೆ ಇಟ್ಟರೆ, ಘರ್ಷಣೆಯನ್ನು ಬಿಟ್ಟು, ಬೈಕಿನ ತೂಕದ ಮೂರರಲ್ಲೊಂದು ಪಾಲು, ಅಂದರೆ ಸುಮಾರು 37 ಕೆ.ಜಿ.ಯಷ್ಟು ಬಲ ಸಾಕು. ಹಲಗೆ 1.4 ಮೀಟರ್ ಇದ್ದರೆ ಅದೇ 56 ಕೆ.ಜಿ. ಆಗುತ್ತದೆ. ನಮ್ಮ ಕರಾವಳಿಯ ಏರುತಗ್ಗಿನ ಜಾಗಗಳಲ್ಲಿ ಇನ್ನೂ ಸುಲಭದ ದಾರಿಯಿದೆ: ಗಟ್ಟಿಯಾದ ಧರೆಗೆ ಪಿಕಪ್ಪನ್ನು ಹಿಮ್ಮುಖವಾಗಿ ತಾಗಿಸಿ ನಿಲ್ಲಿಸಿದರೆ ಎತ್ತರದ ವ್ಯತ್ಯಾಸವೇ ಕಡಿಮೆಯಾಗುತ್ತದೆ. ಎಂಜಿನ್ ಚಾಲೂ ಮಾಡಿ ಬೈಕನ್ನು ಓಡಿಸಿಕೊಂಡು ಹತ್ತಿಸುವ ಸಾಹಸ ಬೇಡ. ಇಬ್ಬರು ಎರಡು ಬದಿಯಲ್ಲಿ ನಿಂತು ತಳ್ಳಿದರೆ ಆಯಿತು.

ಮುಂದಿನ ಚಕ್ರ ಪಿಕಪ್ಪಿನ ಮುಂಗೋಡೆಗೆ ಒತ್ತಿ ನಿಲ್ಲಬೇಕು. ಬ್ರೇಕ್ ಹಾಕಿದಾಗ ಬೇಕಾಗುವ ಬಲವನ್ನು ಆ ಗೋಡೆ ಕೊಡುತ್ತದೆ. ಮಳೆಗಾಲದಲ್ಲಿ ಒದ್ದೆ ತಗಡಿನ ಮೇಲೆ ಚಕ್ರ ಜಾರುವುದರಿಂದ ಅಡಿಗೆ ರಬ್ಬರ್ ಹಾಳೆ ಹಾಸುವುದು ಒಳ್ಳೆಯದು. ಸ್ಟ್ಯಾಂಡನ್ನು ನಂಬಬಾರದು, ಕುಲುಕಾಟಕ್ಕೆ ಅದು ಮಡಚಿಕೊಳ್ಳಬಹುದು. ಬೈಕು ತನ್ನ ಎರಡು ಚಕ್ರಗಳ ಮೇಲೆ ನೆಟ್ಟಗೆ ನಿಂತಿರಬೇಕು.

ಇನ್ನು ಬೆಲ್ಟು. ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ, ಗಂಟು ಜಾರುತ್ತದೆ. ಲಾರಿಯವರು ಬಳಸುವ ರ್ಯಾಚೆಟ್ ಬೆಲ್ಟ್ ಉತ್ತಮ. ಎರಡು ಮುಂದೆ, ಎರಡು ಹಿಂದೆ, ಬೈಕಿನ ಎರಡೂ ಬದಿಗೆ ಸುಮಾರು 45 ಡಿಗ್ರಿ ಓರೆಯಾಗಿ ಇರಬೇಕು. ಓರೆಯಾದ ಬೆಲ್ಟ್ ಬೈಕನ್ನು ಕೆಳಕ್ಕೂ ಎಳೆಯುತ್ತದೆ, ಪಕ್ಕಕ್ಕೂ ಎಳೆಯುತ್ತದೆ. ಘಾಟಿಯ ತಿರುವಿನಲ್ಲಿ ಬೈಕು ವಾಲದಂತೆ ತಡೆಯುವುದು ಈ ಪಕ್ಕದ ಎಳೆತ. ಏರಿನಲ್ಲಿ ಹಿಂದಕ್ಕೆ ಜಾರದಂತೆ ತಡೆಯುವುದೂ ಬೆಲ್ಟುಗಳೇ. ಮುಂದಿನ ಬೆಲ್ಟುಗಳನ್ನು ಹ್ಯಾಂಡಲಿನ ತುದಿಗಲ್ಲ, ಅದರ ಬುಡದ ಗಟ್ಟಿ ಭಾಗಕ್ಕೆ ಹಾಕಬೇಕು. ಹಿಂದಿನವು ಚಾಸಿಗೆ.

ಇಲ್ಲಿ ಒಂದು ಗುಟ್ಟಿದೆ. ಮುಂದಿನ ಬೆಲ್ಟುಗಳನ್ನು ಬಿಗಿಯುವಾಗ ಶಾಕ್ ಅಬ್ಸಾರ್ಬರ್ ಅರ್ಧದಷ್ಟು ಕುಗ್ಗಬೇಕು. ಏಕೆ? ಚಕ್ರ ಹೊಂಡಕ್ಕೆ ಇಳಿದಾಗ ಬೈಕು ಕುಕ್ಕರಿಸುತ್ತದೆ. ಆಗ ಬೆಲ್ಟು ಕ್ಷಣಕಾಲ ಸಡಿಲಾದರೆ ಕೊಕ್ಕೆ ಕಳಚಿಕೊಳ್ಳುತ್ತದೆ. ಮೊದಲೇ ಕುಗ್ಗಿದ ಸ್ಪ್ರಿಂಗ್ ಸದಾ ಮೇಲಕ್ಕೆ ಒತ್ತುತ್ತಾ ಬೆಲ್ಟನ್ನು ಬಿಗಿಯಾಗಿಯೇ ಇಡುತ್ತದೆ. ಪೂರ್ತಿ ಕುಗ್ಗಿಸಿದರೆ ಮಾತ್ರ ಎಣ್ಣೆ ಸೋರದಂತೆ ತಡೆಯುವ ಸೀಲು ಹಾಳಾಗಬಹುದು. ಕಟ್ಟಿದ ಮೇಲೆ ಬೈಕನ್ನು ಒಂದನೆಯ ಗೇರಿನಲ್ಲಿ ಬಿಡಬೇಕು.

ಟ್ಯಾಂಕಿನಲ್ಲಿ ಪೆಟ್ರೋಲ್ ಅಲ್ಪವೇ ಇರಲಿ. 10 ಲೀಟರ್ ಪೆಟ್ರೋಲ್, ಉಷ್ಣತೆ 20 ಡಿಗ್ರಿ ಏರಿದರೆ ಸುಮಾರು 190 ಮಿಲಿಲೀಟರ್ ಹಿಗ್ಗುತ್ತದೆ. ತುಂಬಿದ ಟ್ಯಾಂಕಿನಲ್ಲಿ ಅದಕ್ಕೆ ಜಾಗವೆಲ್ಲಿ? ರೈಲಿನಲ್ಲಿ ಪಾರ್ಸೆಲ್ ಕಳುಹಿಸುವಾಗಲಂತೂ ಟ್ಯಾಂಕನ್ನು ಪೂರ್ತಿ ಬರಿದು ಮಾಡಬೇಕಾಗುತ್ತದೆ.

ಬಿಗಿದ ಬೆಲ್ಟೂ ಕುಲುಕಾಟಕ್ಕೆ ಕೊಂಚ ಸಡಿಲಾಗುತ್ತದೆ. ಬಿ.ಸಿ. ರೋಡಿನಲ್ಲಿ ಒಮ್ಮೆ, ಘಾಟಿ ಹತ್ತುವ ಮೊದಲು ಗುಂಡ್ಯದಲ್ಲಿ ಇನ್ನೊಮ್ಮೆ ಇಳಿದು ನೋಡಬೇಕು.

ವಿದ್ಯಾರ್ಥಿಗಳು ಮನೆಯಲ್ಲಿ ಪರೀಕ್ಷಿಸಬಹುದು. ಒಂದು ತಟ್ಟೆಯ ಮೇಲೆ ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿ ತಟ್ಟೆಯನ್ನು ಫಕ್ಕನೆ ಎಳೆಯಿರಿ. ಪೊಟ್ಟಣ ಹಿಂದಕ್ಕೆ ಬೀಳುತ್ತದೆ. ಈಗ ತಟ್ಟೆಗೂ ಪೊಟ್ಟಣಕ್ಕೂ ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿದು ಮತ್ತೆ ಎಳೆಯಿರಿ.

ಬೈಕಿಗೆ ಪೆಟ್ಟಾದರೆ ಗ್ಯಾರೇಜಿನಲ್ಲಿ ಸರಿಯಾಗುತ್ತದೆ. ಶಕ್ತಿನಗರದ ಆ ಹುಡುಗ ಕೂರಬೇಕಾದದ್ದು ಮುಂದೆ, ಚಾಲಕನ ಪಕ್ಕದ ಸೀಟಿನಲ್ಲಿ, ಸೀಟ್ ಬೆಲ್ಟ್ ಹಾಕಿಕೊಂಡು. ಬೈಕಿಗೆ ಹೇಳಿದ ನಿಯಮವೇ ಅವನಿಗೂ ಅನ್ವಯಿಸುತ್ತದೆ.